ಹಾರಂಗಿ ದಂಡೆಯ ಸೇನಾ ಎಂಜಿನಿಯರಿಂಗ್ ಶಿಬಿರ: ಕೆಡೆಟ್‌ಗಳಿಗೆ ದಕ್ಕಿದ್ದು, ದಕ್ಕಬೇಕಾದದ್ದು

ಕೊಡಗಿನಲ್ಲಿ ಬೇಸಿಗೆ ರಜೆ ಬಂತೆಂದರೆ ಮಕ್ಕಳಿಗಾಗಿ ಸೇನಾ ಮಾದರಿಯ ಶಿಬಿರಗಳು ಅಲ್ಲಲ್ಲಿ ನಡೆಯುತ್ತವೆ. ಅವುಗಳಲ್ಲಿ ಬಹುಪಾಲು ಕವಾಯತು, ಚಾರಣ, ಏರ್‌ಗನ್ ಗುರಿ, ಕೊನೆಯ ರಾತ್ರಿಯ ಕ್ಯಾಂಪ್‌ಫೈರ್ ಇಷ್ಟರಲ್ಲೇ ಮುಗಿದುಹೋಗುತ್ತವೆ. ಕುಶಾಲನಗರದ ಸಮೀಪ ಹಾರಂಗಿ ಹೊಳೆಯ ದಂಡೆಯಲ್ಲಿ, ಸೇನೆಯ ಎಂಜಿನಿಯರ್ ವಿಭಾಗದಿಂದ ನಿವೃತ್ತರಾದ ಅಧಿಕಾರಿಗಳೂ ಸುಬೇದಾರರೂ ಹವಾಲ್ದಾರರೂ ಸೇರಿ ಶಾಲಾ-ಕಾಲೇಜುಗಳ ಕೆಡೆಟ್‌ಗಳಿಗಾಗಿ ನಡೆಸಿದ ಒಂದು ವಾರದ ಶಿಬಿರ ಈ ಸಾಲಿಗೆ ಸೇರುವಂಥದ್ದಲ್ಲ. ಇಲ್ಲಿ ಬಂದೂಕಿಲ್ಲ. ಹಗ್ಗ, ಗೂಟ, ಕೊಡತಿ, ರಾಟೆ, ಬಿದಿರು, ಖಾಲಿ ಡ್ರಮ್ಮು, ಮರಳು ಚೀಲ ಇವೇ ಪಾಠದ ಸಾಮಗ್ರಿ. ನಮ್ಮ ಪದವಿಪೂರ್ವ ಕಾಲೇಜಿನ ಕೆಡೆಟ್‌ಗಳ ಜೊತೆ ಮೇಲ್ವಿಚಾರಕಿಯಾಗಿ ಹೋಗಿದ್ದ ನಾನು ವೃತ್ತಿಯಿಂದ ಭೌತಶಾಸ್ತ್ರ ಉಪನ್ಯಾಸಕಿ. ಹಾಗಾಗಿ ಶಿಬಿರವನ್ನು ಮಕ್ಕಳ ಕ್ಷೇಮದ ಹೊಣೆ ಹೊತ್ತವಳ ಕಣ್ಣಿನಿಂದ ನೋಡಿದಷ್ಟೇ, ಬಲ, ಭಾರ, ಸಮತೋಲನಗಳನ್ನು ತರಗತಿಯಲ್ಲಿ ಕಲಿಸುವವಳ ಕಣ್ಣಿನಿಂದಲೂ ನೋಡಿದ್ದೇನೆ. ಮುಂದಿನ ತಂಡಕ್ಕೆ ಮಕ್ಕಳನ್ನು ಕಳುಹಿಸಬೇಕೇ ಬೇಡವೇ ಎಂದು ಯೋಚಿಸುತ್ತಿರುವ ಪೋಷಕರಿಗೂ ಎನ್‌ಸಿಸಿ ಹೊಣೆ ಹೊತ್ತ ಶಿಕ್ಷಕರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಸೈನ್ಯ ಮುಂದೆ ಸಾಗಲು ಬೇಕಾದ ದಾರಿ, ಸೇತುವೆ, ಕುಡಿಯುವ ನೀರನ್ನು ಒದಗಿಸುವುದು ಮತ್ತು ಅದೇ ಅನುಕೂಲ ಶತ್ರುವಿಗೆ ಸಿಗದಂತೆ ತಡೆಯುವುದು ಸೇನಾ ಎಂಜಿನಿಯರುಗಳ ಕೆಲಸ. ಈ ಕೆಲಸದ ಯೋಧನನ್ನು ಸ್ಯಾಪರ್ ಎನ್ನುತ್ತಾರೆ. ನಮ್ಮ ಸೇನೆಯಲ್ಲಿ ಸ್ಯಾಪರುಗಳ ಮೂರು ದೊಡ್ಡ ನೆಲೆಗಳಿವೆ: ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ರೂರ್ಕಿಯ ಬೆಂಗಾಲ್ ಗ್ರೂಪ್ ಮತ್ತು ಪುಣೆಯ ಖಡ್ಕಿಯಲ್ಲಿರುವ ಬಾಂಬೆ ಗ್ರೂಪ್. 1780ರಲ್ಲಿ ಹುಟ್ಟಿದ ಮದ್ರಾಸ್ ಗ್ರೂಪ್‌ಗೆ ದಕ್ಷಿಣದ ರಾಜ್ಯಗಳ ಯುವಕರೇ ಸೇರುವುದರಿಂದ, ಹಲಸೂರು ಕೆರೆಯ ಪಕ್ಕದ ಆ ಕೇಂದ್ರದ ಹೆಸರು ಕೊಡಗಿನ ಮನೆಗಳಿಗೆ ಹೊಸದಲ್ಲ. ಮುಳ್ಳುತಂತಿಯ ಬೇಲಿಯನ್ನು ಸ್ಫೋಟಿಸಿ ದಾರಿ ಮಾಡುವ ಬೆಂಗಳೂರು ಟಾರ್ಪೆಡೊ ಎಂಬ ಉಪಕರಣವನ್ನು 1912ರಲ್ಲಿ ರೂಪಿಸಿದ್ದು ಇದೇ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್. ಮೊದಲ ಬೆಳಿಗ್ಗೆ ಇಷ್ಟು ಪೀಠಿಕೆಯನ್ನು ಚುಟುಕಾಗಿ ಮುಗಿಸಿದ ಹಿರಿಯ ಸುಬೇದಾರರು, ಎಂಜಿನಿಯರ್ ಕೋರಿನ ಧ್ಯೇಯವಾಕ್ಯವಾದ ‘ಸರ್ವತ್ರ’ ಎಂಬುದನ್ನು ಕಪ್ಪುಹಲಗೆಯ ಮೇಲೆ ಬರೆದು, ಮಕ್ಕಳನ್ನು ನೇರವಾಗಿ ಹೊಳೆಯ ದಂಡೆಗೆ ಕರೆದುಕೊಂಡು ಹೋದರು. ಭಾಷಣಕ್ಕಿಂತ ಬೇಗನೆ ಕೆಲಸಕ್ಕಿಳಿಸುವ ಈ ಕ್ರಮ ವಾರದುದ್ದಕ್ಕೂ ಉಳಿದುಬಂತು. ಶಿಬಿರದ ಬಗ್ಗೆ ನನಗೆ ಮೊದಲು ಗೌರವ ಮೂಡಿಸಿದ್ದೂ ಅದೇ.

ಮೊದಲ ಪಾಠ ಹೊಳೆಯ ಅಗಲವನ್ನು ಅದರೊಳಗೆ ಇಳಿಯದೆ ಅಳೆಯುವುದು. ಎದುರು ದಂಡೆಯ ಒಂದು ಮರಕ್ಕೆ ನೇರವಾಗಿ ನಿಂತು, ಅಲ್ಲಿಂದ ಹೊಳೆಯ ಗುಂಟ ನಡೆಯುತ್ತ ಹೋಗಿ, ದಿಕ್ಸೂಚಿಯಲ್ಲಿ ಆ ಮರ ನಡಿಗೆಯ ದಾರಿಗೆ 45 ಡಿಗ್ರಿ ಕೋನದಲ್ಲಿ ಕಾಣುವ ಜಾಗದಲ್ಲಿ ನಿಂತರೆ, ನಡೆದಷ್ಟು ದೂರವೇ ಹೊಳೆಯ ಅಗಲ. ಪಠ್ಯಪುಸ್ತಕದಲ್ಲಿ ಇದು ಒಂದು ಸಾಲಿನ ಲೆಕ್ಕ. ದಂಡೆಯಲ್ಲಿ ಮಾತ್ರ ಒಂದೇ ಹೊಳೆಗೆ ಒಂದೊಂದು ತಂಡ ಒಂದೊಂದು ಅಗಲವನ್ನು ಹೇಳಿತು, ಏಕೆಂದರೆ ಎಲ್ಲರೂ ಹೆಜ್ಜೆಯ ಎಣಿಕೆಯಿಂದಲೇ ದೂರ ಲೆಕ್ಕ ಹಾಕಿದ್ದರು. ಒಬ್ಬರ ಹೆಜ್ಜೆ ಇನ್ನೊಬ್ಬರ ಹೆಜ್ಜೆಯಷ್ಟಿರಲಿಲ್ಲ. ಉಸ್ತಾದರು, ಅಂದರೆ ಕಲಿಸುವ ನಿವೃತ್ತ ಯೋಧರು, ಯಾರನ್ನೂ ತಪ್ಪೆನ್ನಲಿಲ್ಲ. ಎಲ್ಲರನ್ನೂ ರಸ್ತೆಗೆ ಕರೆತಂದು, ಟೇಪು ಹಿಡಿದು ಅಳೆದ 100 ಮೀಟರನ್ನು ನಡೆಸಿ, ಅವರವರ ಹೆಜ್ಜೆ ಎಷ್ಟು ಎಂದು ಅವರವರ ಪುಸ್ತಕದಲ್ಲಿ ಬರೆಸಿದರು. ಮತ್ತೆ ಅಳೆದಾಗ ಉತ್ತರಗಳು ಹತ್ತಿರ ಹತ್ತಿರ ಬಂದವು. ಅಳತೆಯ ಸಾಧನವನ್ನು ಮೊದಲು ಅಳೆಯಬೇಕು ಎಂಬುದನ್ನು ನಾನು ಪ್ರಯೋಗಾಲಯದಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಅದು ಇಷ್ಟು ಸಲೀಸಾಗಿ ಮಕ್ಕಳ ತಲೆಗೆ ಇಳಿದದ್ದನ್ನು ಕಂಡದ್ದು ಅಲ್ಲಿಯೇ.

ಶಿಬಿರದ ತಿರುಳಿರುವುದು ಹಗ್ಗ ಮತ್ತು ಗೂಟದ ಪಾಠಗಳಲ್ಲಿ. ಗಂಟುಗಳನ್ನು ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲೂ ಕಲಿಸುತ್ತಾರೆ, ಅದರಲ್ಲಿ ವಿಶೇಷವಿಲ್ಲ. ಆದರೆ ಇಲ್ಲಿ ಪ್ರತಿ ಗಂಟಿನ ಜೊತೆಗೂ ಒಂದು ಪ್ರಶ್ನೆ ಇತ್ತು: ಇದು ಎಷ್ಟು ಭಾರ ತಡೆಯುತ್ತದೆ, ಭಾರ ಬಿದ್ದ ಮೇಲೆ ಇದನ್ನು ಬಿಚ್ಚಲು ಬರುತ್ತದೆಯೇ? ಯಾವ ಗಂಟು ಹಾಕಿದರೂ ಹಗ್ಗದ ಬಲ ಅಷ್ಟರ ಮಟ್ಟಿಗೆ ಕುಗ್ಗುತ್ತದೆ, ಕೆಲವು ಗಂಟುಗಳಲ್ಲಿ ಅರ್ಧದಷ್ಟು ಕುಗ್ಗುತ್ತದೆ ಎಂಬುದನ್ನು ತೋಟದ ಮನೆಗಳಲ್ಲಿ ಬೆಳೆದು, ಜೀಪಿನ ಹಿಂದೆ ಮರದ ದಿಮ್ಮಿ ಕಟ್ಟಿ ಎಳೆಯುವುದನ್ನು ದಿನನಿತ್ಯ ಕಂಡ ನಮ್ಮ ಹುಡುಗರೂ ಕೇಳಿರಲಿಲ್ಲ.

ಹಗ್ಗವನ್ನು ಕಟ್ಟಲು ಮರವಿಲ್ಲದ ಕಡೆ ಸ್ಯಾಪರುಗಳು ನೆಲಕ್ಕೆ ಗೂಟ ಹೊಡೆದು ಆಧಾರ ಮಾಡಿಕೊಳ್ಳುತ್ತಾರೆ. ಐದು ಅಡಿ ಉದ್ದದ ಗೂಟಗಳನ್ನು ಮೂರು ಅಡಿ ನೆಲದೊಳಗೆ ಇಳಿಯುವಂತೆ, ಎಳೆತದ ವಿರುದ್ಧ ದಿಕ್ಕಿಗೆ ಸುಮಾರು 15 ಡಿಗ್ರಿ ವಾಲಿಸಿ ಹೊಡೆಯಬೇಕು. ಮುಂದೆ ಮೂರು, ಅದರ ಹಿಂದೆ ಎರಡು, ಕೊನೆಯಲ್ಲಿ ಒಂದು. ಮುಂದಿನ ಗೂಟಗಳ ತಲೆಯಿಂದ ಹಿಂದಿನ ಗೂಟಗಳ ಬುಡಕ್ಕೆ ಹಗ್ಗ ಬಿಗಿಯಬೇಕು. ಭಾರದ ಹಗ್ಗವನ್ನು ಮಾತ್ರ ಮುಂದಿನ ಮೂರರ ಬುಡದಲ್ಲಿ, ನೆಲಕ್ಕೆ ತಾಗಿದಂತೆ ಕಟ್ಟಬೇಕು. ಸಾಧಾರಣ ಗಟ್ಟಿಯಾದ ಮಣ್ಣಿನಲ್ಲಿ ಹೀಗೆ ಹೂಡಿದ ಆರು ಗೂಟಗಳು ಸುಮಾರು 4000 ಪೌಂಡು, ಅಂದರೆ 1800 ಕಿಲೋ ಎಳೆತವನ್ನು ತಡೆಯುತ್ತವೆ. ಕೊಡತಿ ಹಿಡಿದ ಹೆಣ್ಣುಮಕ್ಕಳು ಮೊದಲ ಅರ್ಧ ಗಂಟೆಯಲ್ಲಿ ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡರೂ ಬಿಡಲಿಲ್ಲ.

ಒಂದು ತಂಡಕ್ಕೆ ಮೇಲಿನ ಹುಲ್ಲುನೆಲದಲ್ಲಿ, ಇನ್ನೊಂದು ತಂಡಕ್ಕೆ ನೀರಿನ ಅಂಚಿನ ಹಸಿ ಮರಳಿನಲ್ಲಿ ಗೂಟ ಹೂಡಲು ಹೇಳಿದ್ದರು. ರಾಟೆ ಹಾಕಿ ಎಳೆದಾಗ ಮೇಲಿನದು ಅಲುಗಾಡಲಿಲ್ಲ. ಕೆಳಗಿನದರಲ್ಲಿ ಮುಂದಿನ ಮೂರು ಗೂಟಗಳ ಬುಡದಲ್ಲಿ ಮೊದಲು ಕೂದಲೆಳೆಯಷ್ಟು ಬಿರುಕು ಕಂಡಿತು, ಬಿರುಕಿನಿಂದ ನೀರು ಒಸರಿತು, ಆಮೇಲೆ ಮೂರೂ ಗೂಟಗಳು ಒಟ್ಟಿಗೆ ಮುಂದಕ್ಕೆ ವಾಲತೊಡಗಿದವು. “ನಿಲ್ಲಿಸಿ” ಎಂದ ಉಸ್ತಾದರು ಎಲ್ಲರನ್ನೂ ಆ ಬಿರುಕಿನ ಸುತ್ತ ಕುಕ್ಕರಗಾಲಿನಲ್ಲಿ ಕೂರಿಸಿದರು. “ಗಂಟು ಬಿಚ್ಚಿತಾ ಮಗಳೇ? ಹಗ್ಗ ಹರಿಯಿತಾ? ಗೂಟ ಮುರಿಯಿತಾ? ಹಾಗಾದರೆ ಸೋತದ್ದು ಯಾವುದು?” ಎಂದು ಕೇಳಿದರು. ನೆಲ ಎಂಬ ಉತ್ತರ ಬರುವವರೆಗೂ ಕಾದರು. ಹೊಳೆಯಂಚಿನ ಜೇಡಿ ಮತ್ತು ಮರಳಿನಲ್ಲಿ ಇದೇ ಆರು ಗೂಟಗಳ ತಾಕತ್ತು ಅರ್ಧಕ್ಕೆ ಇಳಿಯುತ್ತದೆಂದು ಲೆಕ್ಕ ಹಿಡಿಯಬೇಕು ಎಂಬ ಮಾತನ್ನು ಅವರು ಹೇಳಿದ್ದು ಅದಾದ ಮೇಲೆ. ಮಳೆಗಾಲದ ಮೂರು ತಿಂಗಳು ಇಡೀ ಜಿಲ್ಲೆಯ ನೆಲವೇ ಹೀಗೆ ನೀರು ಕುಡಿದು ನಿಲ್ಲುವ ಕೊಡಗಿನ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಇನ್ನಾವುದಿದ್ದೀತು ಎಂದು ನನಗೆ ಅನ್ನಿಸಿತು.

ಮರುದಿನ ಎರಡು ಹಗ್ಗಗಳ ಸೇತುವೆ ಕಟ್ಟಿಸಿದರು: ಕಾಲಿಗೊಂದು, ಕೈಗೊಂದು. ಹುಡುಗರು ಸಹಜವಾಗಿಯೇ ಕೆಳಗಿನ ಹಗ್ಗವನ್ನು ತಂತಿಯಂತೆ ನೆಟ್ಟಗೆ ಬಿಗಿಯಲು ಹೊರಟರು. ಜೋತ ಹಗ್ಗಕ್ಕಿಂತ ಬಿಗಿದ ಹಗ್ಗ ಭದ್ರ ಎಂದೇ ಎಲ್ಲರ ನಂಬಿಕೆ. ಉಸ್ತಾದರು ನನ್ನನ್ನು ಕರೆದು, “ಮೇಡಂ, ಇದರ ಲೆಕ್ಕವನ್ನು ನೀವೇ ಹೇಳಿಕೊಡಿ” ಎಂದರು. 20 ಮೀಟರ್ ಅಂತರದ ನಡುವೆ ಒಬ್ಬರು ನಿಂತಾಗ ಹಗ್ಗ 1 ಮೀಟರ್ ಜೋತರೆ, ಹಗ್ಗದಲ್ಲಿ ಹುಟ್ಟುವ ಬಿಗಿತ ಅವರ ತೂಕದ ಐದು ಪಟ್ಟು. 2 ಮೀಟರ್ ಜೋತರೆ ಅದು ಎರಡೂವರೆ ಪಟ್ಟಿಗೆ ಇಳಿಯುತ್ತದೆ. ಅಂದರೆ 60 ಕಿಲೋ ತೂಕದ ಹುಡುಗ ಬಿಗಿ ಹಗ್ಗದ ಮೇಲೆ ಹೆಜ್ಜೆ ಇಟ್ಟರೆ ಅತ್ತಿತ್ತಲಿನ ಆಧಾರಗಳ ಮೇಲೆ 300 ಕಿಲೋ ಎಳೆತ ಬೀಳುತ್ತದೆ, ಇನ್ನೂ ಬಿಗಿದರೆ ಇನ್ನೂ ಹೆಚ್ಚು. ಬಲಗಳ ತ್ರಿಕೋನವನ್ನು ಹೊಳೆಯ ಮರಳಿನಲ್ಲೇ ಕಡ್ಡಿಯಿಂದ ಬರೆದು ತೋರಿಸಿದೆ. ಕಾವೇರಿ ನಿಸರ್ಗಧಾಮದ ತೂಗುಸೇತುವೆ ಏಕೆ ಜೋತಿರುತ್ತದೆ ಎಂದು ಒಬ್ಬ ಹುಡುಗ ತಾನಾಗಿ ಕೇಳಿದ. ಘಟ್ಟದ ಕೆಳಗೆ ಸುಳ್ಯದಲ್ಲಿದ್ದುಕೊಂಡು ನೂರಾರು ಹಳ್ಳಿಗಳಿಗೆ ತೂಗುಸೇತುವೆ ಕಟ್ಟಿಕೊಟ್ಟು 2017ರಲ್ಲಿ ಪದ್ಮಶ್ರೀ ಪಡೆದ ಗಿರೀಶ್ ಭಾರದ್ವಾಜರ ಕೆಲಸವನ್ನು ಮಕ್ಕಳಿಗೆ ಹೇಳಲು ಅದು ಒಳ್ಳೆಯ ಸಂದರ್ಭವಾಯಿತು.

ತೆಪ್ಪದ ಪಾಠವೂ ಲೆಕ್ಕದಿಂದಲೇ ಶುರುವಾಯಿತು. 200 ಲೀಟರಿನ ಮುಚ್ಚಿದ ಡ್ರಮ್ಮು ಪೂರ್ತಿ ಮುಳುಗಿದಾಗ 200 ಕಿಲೋ ನೀರನ್ನು ತಳ್ಳುತ್ತದೆ. ಅದರಲ್ಲಿ ಡ್ರಮ್ಮಿನ ತೂಕ, ಬಿದಿರಿನ ತೂಕ, ಹಗ್ಗದ ತೂಕ ಕಳೆದು, ಉಳಿದುದರ ಅರ್ಧಕ್ಕಿಂತ ಹೆಚ್ಚು ಭಾರ ಹಾಕಕೂಡದು ಎಂಬುದು ಇಲ್ಲಿನ ನಿಯಮ. ಹಾಗೆ ಲೆಕ್ಕ ಹಾಕಿ ಎಷ್ಟು ಜನ ಹತ್ತಬಹುದೆಂದು ಬರೆದು ತೋರಿಸುವವರೆಗೆ ಯಾವ ತಂಡದ ತೆಪ್ಪಕ್ಕೂ ನೀರಿಗಿಳಿಯಲು ಅಪ್ಪಣೆ ಸಿಗಲಿಲ್ಲ. ಇದು ಮೆಚ್ಚತಕ್ಕ ಶಿಸ್ತು.

ನೆಲಬಾಂಬು ಪತ್ತೆಯ ಪ್ರಾತ್ಯಕ್ಷಿಕೆಗೆ ಮಕ್ಕಳ ಉತ್ಸಾಹ ಬಹಳವಿತ್ತು, ಆದರೆ ಕಲಿಕೆ ಅಷ್ಟಕ್ಕಷ್ಟೆ. ಡಮ್ಮಿಗಳನ್ನು ಹೂತು ಡಿಟೆಕ್ಟರ್ ಓಡಿಸಿ ತೋರಿಸಿದರು, ಸರತಿಯಲ್ಲಿ ಒಬ್ಬೊಬ್ಬರೂ ಹಿಡಿದು ನೋಡಿದರು, ಅಷ್ಟೇ. ಆ ಹೊತ್ತಿನ ಮೌಲ್ಯವೆಲ್ಲ ಕೊನೆಯಲ್ಲಿ ಹೇಳಿದ ಸುಬೇದಾರ್ ಸುಬ್ರಮಣಿಯನ್ ಅವರ ವೃತ್ತಾಂತದಲ್ಲಿತ್ತು. ಮದ್ರಾಸ್ ಸ್ಯಾಪರ್ ಆಗಿದ್ದ ಅವರು 1944ರಲ್ಲಿ ಇಟಲಿಯಲ್ಲಿ, ಸಿಡಿಯುವ ಹಂತದಲ್ಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿ ಪ್ರಾಣ ಬಿಟ್ಟವರು. ಮರಣೋತ್ತರವಾಗಿ ಬ್ರಿಟನ್ನಿನ ಶೌರ್ಯ ಪದಕವಾದ ಜಾರ್ಜ್ ಕ್ರಾಸ್ ಪಡೆದವರು. ಅದನ್ನು ಕೇಳಿದ ಮಕ್ಕಳು ಡಿಟೆಕ್ಟರನ್ನು ಆಟಿಕೆಯಂತೆ ಹಿಡಿಯುವುದನ್ನು ಬಿಟ್ಟರು.

ಇಡೀ ವಾರದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬೈಲಿ ಸೇತುವೆಯ ಪಾಠ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಡೊನಾಲ್ಡ್ ಬೈಲಿ ಎಂಬ ಎಂಜಿನಿಯರ್ ರೂಪಿಸಿದ ಈ ಸೇತುವೆಗೆ ಕ್ರೇನ್ ಬೇಡ. ಹತ್ತು ಅಡಿ ಉದ್ದ, ಐದು ಅಡಿ ಎತ್ತರದ ಒಂದೇ ಅಳತೆಯ ಉಕ್ಕಿನ ಚೌಕಟ್ಟುಗಳನ್ನು ಪಿನ್ನು ಹಾಕಿ ಒಂದಕ್ಕೊಂದು ಜೋಡಿಸುತ್ತ ಹೋಗುವುದು. ಒಂದು ಚೌಕಟ್ಟಿನ ತೂಕ ಸುಮಾರು 260 ಕಿಲೋ, ಆರು ಮಂದಿ ಹೊತ್ತು ತರಬಹುದು. ಈಚೆ ದಂಡೆಯಲ್ಲೇ ಸೇತುವೆಯನ್ನು ಜೋಡಿಸಿ, ಉರುಳೆಗಳ ಮೇಲಿಟ್ಟು ಆಚೆ ದಂಡೆಗೆ ತಳ್ಳುತ್ತಾರೆ. ಅರ್ಧದಾರಿಯಲ್ಲಿ ಅದು ಮುಗ್ಗರಿಸಿ ಹೊಳೆಗೆ ಬೀಳದಂತೆ ಮುಂದುಗಡೆ ಹಗುರವಾದ ಬರಿಯ ಚೌಕಟ್ಟಿನ ಒಂದು ಮೂಗನ್ನು ಸೇರಿಸಿರುತ್ತಾರೆ. ಮೂಗು ಆಚೆ ದಂಡೆಯನ್ನು ಮುಟ್ಟುವವರೆಗೂ ಒಟ್ಟು ಭಾರದ ಗುರುತ್ವಕೇಂದ್ರ ಉರುಳೆಯ ಹಿಂದೆಯೇ ಇರಬೇಕು. ಗುಟ್ಟೆಲ್ಲ ಇಷ್ಟೇ.

ಕಬ್ಬಿಣದ ಪಟ್ಟಿಗಳಿಂದ ಬೆಸೆದ ಒಂದೊಂದು ಅಡಿಯ ಮಾದರಿ ಚೌಕಟ್ಟುಗಳನ್ನು ಶಿಬಿರದಲ್ಲಿ ಮಾಡಿಟ್ಟಿದ್ದರು. ಆರಡಿ ಅಗಲದ ಒಂದು ಚರಂಡಿಯೇ ಹೊಳೆ. ನಮ್ಮ ಕಾಲೇಜಿನ ತಂಡ ಮೂಗನ್ನು ತೀರ ಗಿಡ್ಡ ಮಾಡಿತು. ಪೈಪಿನ ಉರುಳೆಗಳ ಮೇಲೆ ಸೇತುವೆ ಅರ್ಧದವರೆಗೆ ಸಲೀಸಾಗಿ ಜಾರಿತು. ಆಮೇಲೆ ಬಾಲದ ತುದಿ ನೆಲದಿಂದ ಒಂದು ಬೆರಳು ಮೇಲೆದ್ದಿತು. ತಳ್ಳುತ್ತಿದ್ದ ಹುಡುಗಿ ಅದನ್ನು ಗಮನಿಸಿ ಕೈ ತೆಗೆಯದೆ ಬಾಲವನ್ನು ಅದುಮಿ ಹಿಡಿದು, “ಉಸ್ತಾದ್, ಭಾರ ಮುಂದೆ ಹೋಯಿತು” ಎಂದಳು. ಅವರು ಸಹಾಯಕ್ಕೆ ಬರಲಿಲ್ಲ. “ಎಷ್ಟು ಹೋಯಿತು, ಲೆಕ್ಕ ಹೇಳು” ಎಂದರು. ಉಳಿದವರು ಸೇತುವೆಯನ್ನು ಹಿಂದಕ್ಕೆ ಎಳೆದುಕೊಂಡು, ಪ್ರತಿ ಚೌಕಟ್ಟಿನ ತೂಕ ಮತ್ತು ಉರುಳೆಯಿಂದ ಅದರ ದೂರವನ್ನು ಗುಣಿಸಿ, ಕೂಡಿಸಿ, ಮೂಗಿಗೆ ಇನ್ನೆರಡು ಹಗುರ ಚೌಕಟ್ಟು ಸೇರಿಸಿ, ಬಾಲಕ್ಕೆ ಒಂದು ಮರಳು ಚೀಲ ಹೇರಿದರು. ಎರಡನೇ ಸಲ ಮೂಗು ಆಚೆಯ ಕಲ್ಲನ್ನು ಮುಟ್ಟಿತು. ಕೂಗಾಟವೇನೂ ಆಗಲಿಲ್ಲ. ಎಲ್ಲರೂ ಇನ್ನೂ ಬಾಲದ ಕಡೆಗೇ ನೋಡುತ್ತಿದ್ದರು.

ಈ ಪಾಠ ನಮ್ಮ ಮಕ್ಕಳಿಗೆ ದೂರದ ಯುದ್ಧಭೂಮಿಯದಾಗಿ ಉಳಿಯಲಿಲ್ಲ. ನಮ್ಮ ಗಡಿಗೆ ಹೊಂದಿಕೊಂಡ ವಯನಾಡಿನಲ್ಲಿ 2024ರ ಜುಲೈ 30ರಂದು ಗುಡ್ಡ ಕುಸಿದು ಚೂರಲ್‌ಮಲ ಮತ್ತು ಮುಂಡಕ್ಕೈ ನಡುವಿನ ಸೇತುವೆ ಕೊಚ್ಚಿಹೋದಾಗ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ಕಟ್ಟಿದ್ದು 190 ಅಡಿ ಉದ್ದದ, 24 ಟನ್ ಭಾರ ತಡೆಯುವ ಬೈಲಿ ಸೇತುವೆಯನ್ನೇ. ಆಗಸ್ಟ್ 1ರ ಹೊತ್ತಿಗೆ ಅದು ವಾಹನಗಳಿಗೆ ಸಿದ್ಧವಾಗಿತ್ತು. ಆ ಕಾರ್ಯದ ಮುಂಚೂಣಿಯಲ್ಲಿದ್ದವರು ಮೇಜರ್ ಸೀತಾ ಅಶೋಕ್ ಶೆಲ್ಕೆ. 190 ಅಡಿ ಎಂದರೆ ಉದ್ದಕ್ಕೆ ಹತ್ತೊಂಬತ್ತು ಚೌಕಟ್ಟು ಎಂದು ಮಕ್ಕಳು ತಾವೇ ಲೆಕ್ಕ ಮಾಡಿಕೊಂಡರು. ಸೇನೆಯ ಎಂಜಿನಿಯರ್ ವಿಭಾಗದಲ್ಲಿ ಹೆಣ್ಣುಮಕ್ಕಳಿಗೆ ಎಂಥ ಕೆಲಸವಿದೆ ಎಂದು ಮೊದಲ ದಿನ ಕೇಳಿದ್ದ ಹುಡುಗಿಯರಿಗೆ ಬೇರೆ ಉತ್ತರ ಬೇಕಾಗಲಿಲ್ಲ.

ಇಷ್ಟು ಒಳ್ಳೆಯ ಶಿಬಿರವಾದುದರಿಂದಲೇ ಅದರ ಕೊರತೆಗಳನ್ನು ಒತ್ತಿ ಹೇಳಬೇಕೆನಿಸುತ್ತದೆ.

ಎಲ್ಲಕ್ಕಿಂತ ದೊಡ್ಡದು, ಭೂಕುಸಿತದ ಪಾಠಕ್ಕೆ ಕೊಟ್ಟ ಸಮಯ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹೆಬ್ಬೆಟ್ಟಗೇರಿಯ ಕಡೆ ಏನಾಯಿತೆಂಬುದನ್ನು ಈ ಮಕ್ಕಳು ಚಿಕ್ಕ ವಯಸ್ಸಿನಲ್ಲಿ ಕಂಡವರು. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಗುಡ್ಡದಲ್ಲಿ ಅದೇ ಆಯಿತು. ಪ್ರತಿ ಮಳೆಗಾಲದಲ್ಲೂ ಎಲ್ಲೋ ಒಂದು ಕಡೆ ಮನೆಯ ಹಿಂದಿನ ಬರೆ (ಗುಡ್ಡದ ಕಡಿದಾದ ಮಣ್ಣಿನ ಇಳಿಜಾರು) ಜರಿಯುತ್ತದೆ, ನಾಪೋಕ್ಲು ಮೂರ್ನಾಡು ರಸ್ತೆ ಬೊಳಿಬಾಣೆಯಲ್ಲಿ ಮುಳುಗುತ್ತದೆ, ಕುಶಾಲನಗರದ ಹೊಳೆಬದಿಯ ಬಡಾವಣೆಗಳಿಗೆ ಕಾವೇರಿ ನುಗ್ಗುತ್ತದೆ. ಇಂಥ ಜಿಲ್ಲೆಯ ಶಿಬಿರದಲ್ಲಿ ಬರೆ ಕುಸಿತದ ಬಗ್ಗೆ ಸಿಕ್ಕದ್ದು ಒಂದೇ ಒಂದು ತಾಸು. ಗುಡ್ಡದ ನೆತ್ತಿಯಲ್ಲಿ ಹೊಸ ಬಿರುಕು ಕಂಡರೆ, ನೆಟ್ಟಗಿದ್ದ ಮರಗಳು ವಾಲಿದರೆ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಸರಾದರೆ ಅಥವಾ ನಿಂತುಹೋದರೆ ಮನೆ ಬಿಟ್ಟು ಹೊರಡಬೇಕು; ಬುಡವನ್ನು ಲಂಬವಾಗಿ ಕಡಿದ ಬರೆ ಮಳೆಗೆ ನಿಲ್ಲುವುದಿಲ್ಲ; ಜರಿಯುತ್ತಿರುವ ಬರೆಯ ನೆತ್ತಿಗೆ ಮರಳು ಚೀಲ ಹೇರುವುದು ಅದಕ್ಕೆ ಇನ್ನಷ್ಟು ಭಾರ ಹಾಕಿದಂತೆ, ಮೊದಲು ನೀರನ್ನು ಬೇರೆ ಕಡೆಗೆ ತಿರುಗಿಸಬೇಕು. ಹೇಳಿದ್ದೆಲ್ಲ ಸರಿಯಾಗಿತ್ತು, ಸ್ಪಷ್ಟವಾಗಿತ್ತು. ಆದರೆ ಹೇಳಿದ್ದಷ್ಟೇ; ಮಾಡಿಸಲಿಲ್ಲ. ಶಿಬಿರದಿಂದ ಅರ್ಧ ತಾಸಿನ ದಾರಿಯಲ್ಲಿ ಹಳೆಯ ಕುಸಿತದ ಜಾಗಗಳನ್ನು ತೋರಿಸಬಹುದಿತ್ತು, ಮಕ್ಕಳ ಕೈಯಲ್ಲೇ ಒಂದು ನೀರುಕಾಲುವೆ ತೋಡಿಸಬಹುದಿತ್ತು. ಅದೇ ಕೊನೆಯ ದಿನ ಅತಿಥಿಗಳ ಸ್ವಾಗತ, ಹಾರ, ಭಾಷಣಗಳಿಗೆ ಇಡೀ ಪೂರ್ವಾಹ್ನ ಹೋಯಿತು. ಮಕ್ಕಳು ಬಿಸಿಲಿನಲ್ಲಿ ಸಾಲುಗಟ್ಟಿ ನಿಂತರು. ಈ ಹಂಚಿಕೆ ಸರಿಯಲ್ಲ ಎಂದು ಸಂಘಟಕರಿಗೆ ನೇರವಾಗಿಯೇ ಹೇಳಿದ್ದೇನೆ.

ಎರಡನೆಯದು ಭಾಷೆ. ಉಸ್ತಾದರಲ್ಲಿ ಕೆಲವರು ಕನ್ನಡದಲ್ಲಿ, ಒಬ್ಬರು ಕೊಡವ ತಕ್ಕ್ ಬೆರೆಸಿ ಸೊಗಸಾಗಿ ಹೇಳಿಕೊಟ್ಟರು. ಆದರೆ ಹಂಚಿದ ಕೈಪಿಡಿ ಪೂರ್ತಿ ಇಂಗ್ಲಿಷಿನಲ್ಲಿತ್ತು, ಸುರಕ್ಷತೆಯ ಸೂಚನೆಗಳು ಹಿಂದಿಯಲ್ಲಿ ಬಂದವು. ಸೋಮವಾರಪೇಟೆ ಕಡೆಯ ಸರ್ಕಾರಿ ಪ್ರೌಢಶಾಲೆಯ ಮಕ್ಕಳು ಪಕ್ಕದವರ ಮುಖ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಕಂಡೆ. ಕವಾಯತಿನ ಆಜ್ಞೆ ಹಿಂದಿಯಲ್ಲಿದ್ದರೆ ಬಾಧಕವಿಲ್ಲ, ಎನ್‌ಸಿಸಿಯಲ್ಲಿ ಅದು ರೂಢಿ. ಭಾರ ಎತ್ತುವ, ನೀರಿಗಿಳಿಯುವ ಹೊತ್ತಿನ ಸೂಚನೆ ಮಾತ್ರ ಕೇಳಿದ ಕೂಡಲೇ ಮನಸ್ಸಿಗೆ ಹೊಳೆಯುವ ಭಾಷೆಯಲ್ಲೇ ಇರಬೇಕು. ಗಂಟು, ಗೂಟ, ರಾಟೆ, ಕೊಡತಿ, ತೆಪ್ಪ ಇವೆಲ್ಲಕ್ಕೂ ನಮ್ಮಲ್ಲಿ ದಿನಬಳಕೆಯ ಮಾತುಗಳಿರುವಾಗ ಹತ್ತು ಪುಟದ ಕನ್ನಡ ಕೈಪಿಡಿ ಮಾಡುವುದು ದೊಡ್ಡ ಕೆಲಸವಲ್ಲ. ಬೇಕಾದರೆ ನಾನೇ ಬರೆದುಕೊಡಲು ಸಿದ್ಧಳಿದ್ದೇನೆ.

ಸುರಕ್ಷತೆಯಲ್ಲಿ ಒಟ್ಟಾರೆ ಎಚ್ಚರವಿತ್ತು. ನೀರಿನ ಅಭ್ಯಾಸದ ಹೊತ್ತಿಗೆ ಕೆಳದಂಡೆಯಲ್ಲಿ ಹಗ್ಗ ಹಿಡಿದ ಈಜುಗಾರರು ನಿಂತಿದ್ದರು, ಆಂಬುಲೆನ್ಸ್ ಇತ್ತು, ಹೆಲ್ಮೆಟ್ ಇಲ್ಲದೆ ಯಾರನ್ನೂ ಹಗ್ಗಕ್ಕೆ ಹತ್ತಿಸಲಿಲ್ಲ. ಆದರೆ ಚಿಕ್ಕ ಅಳತೆಯ ಲೈಫ್ ಜಾಕೆಟ್ ಸಾಕಷ್ಟು ಇರಲಿಲ್ಲ. ಎಂಟನೇ ತರಗತಿಯ ಸಣಕಲು ಮಕ್ಕಳಿಗೆ ದೊಡ್ಡವರ ಜಾಕೆಟ್ ತೊಡಿಸಿದಾಗ ಅದು ನೀರಿನಲ್ಲಿ ಕಿವಿಯವರೆಗೂ ಮೇಲೇರುತ್ತಿತ್ತು. ನಾವು ಶಿಕ್ಷಕರು ತಕರಾರು ಮಾಡಿದ ಮೇಲೆ ಅಂಥವರನ್ನು ಸರತಿಯ ಮೇಲೆ ಇಳಿಸಿದರು. ಅರ್ಧ ದಿನದ ಅಭ್ಯಾಸ ಸಂಜೆಯವರೆಗೆ ಎಳೆಯಿತು. ಹೆಣ್ಣುಮಕ್ಕಳ ಸ್ನಾನದ ಮನೆಗಳೂ ಸಂಖ್ಯೆಗೆ ತಕ್ಕಷ್ಟು ಇರಲಿಲ್ಲ. ಊಟದ ಬಗ್ಗೆ ದೂರಿಲ್ಲ. ಬೆಳಿಗ್ಗೆ ಅಕ್ಕಿರೊಟ್ಟಿ ಕೊಟ್ಟ ದಿನ ಮಕ್ಕಳು ಸ್ವಲ್ಪ ಹೆಚ್ಚೇ ಗೆಲುವಾಗಿದ್ದರು.

ಶುಲ್ಕ 4,500 ರೂಪಾಯಿ. ಸಾಮಗ್ರಿ, ವಸತಿ, ಊಟ ಎಲ್ಲ ಸೇರಿ ಲೆಕ್ಕ ಹಾಕಿದರೆ ಅನ್ಯಾಯವಲ್ಲ. ಆದರೂ ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬರುವ ಮಕ್ಕಳಿಗೆ ಇದು ಎಟುಕದ ಮಾತು. ಮಳೆಗಾಲದಲ್ಲಿ ಮೊದಲು ಸಿಕ್ಕಿಹಾಕಿಕೊಳ್ಳುವುದು ಹೊಳೆಯಂಚಿನಲ್ಲಿಯೂ ಬರೆಯ ಬುಡದಲ್ಲಿಯೂ ವಾಸಿಸುವ ಅದೇ ಕುಟುಂಬಗಳು. ಪ್ರತಿ ಶಾಲೆಯಿಂದ ಒಂದಿಬ್ಬರನ್ನಾದರೂ ಉಚಿತವಾಗಿ ತೆಗೆದುಕೊಳ್ಳುವ ಏರ್ಪಾಡು ಆಗಬೇಕು. ದಾನಿಗಳಿಗೆ ಕೊಡಗಿನಲ್ಲಿ ಬರವಿಲ್ಲ, ನಿವೃತ್ತ ಸೈನಿಕರಿಗಂತೂ ಇಲ್ಲವೇ ಇಲ್ಲ.

ಪೋಷಕರಿಗೆ ಪ್ರಮಾಣಪತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಹಲವರು ಮಕ್ಕಳನ್ನು ಕಳುಹಿಸುವುದೇ ಅದರ ಆಸೆಯಿಂದ. ಈ ಶಿಬಿರದ ಪ್ರಮಾಣಪತ್ರ ಎನ್‌ಸಿಸಿಯ ಎ, ಬಿ, ಸಿ ಪ್ರಮಾಣಪತ್ರಗಳಿಗೆ ಸಮನಲ್ಲ. ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಸೇನಾಧಿಕಾರಿಗಳನ್ನು ಆಯ್ಕೆ ಮಾಡುವ ಎಸ್‌ಎಸ್‌ಬಿ ಸಂದರ್ಶನಕ್ಕೆ ಹೋಗಲು ಅವಕಾಶ ಕೊಡುವ ಎನ್‌ಸಿಸಿ ವಿಶೇಷ ಪ್ರವೇಶಕ್ಕೆ ಬೇಕಾಗುವುದು ‘ಸಿ’ ಪ್ರಮಾಣಪತ್ರ. ಅದು ಸಿಗುವುದು ಕಾಲೇಜಿನ ಎನ್‌ಸಿಸಿ ಘಟಕದಲ್ಲಿ ವರ್ಷಗಟ್ಟಲೆ ತರಬೇತಿ ಪಡೆದು ಪರೀಕ್ಷೆ ಬರೆದವರಿಗೆ. ಕೂಡಿಗೆಯ ಸೈನಿಕ ಶಾಲೆಯ ಪ್ರವೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಸಂಘಟಕರು ಎಲ್ಲೂ ಹಾಗೆಂದು ಹೇಳಿಕೊಂಡಿಲ್ಲ. ನಾವೇ ಹಾಗೆ ಊಹಿಸಿಕೊಳ್ಳುತ್ತೇವೆ. ಸೇನೆಗೆ ಸೇರುವ ಮೆಟ್ಟಿಲೆಂದು ಕಳುಹಿಸಿದರೆ ನಿರಾಶೆಯಾದೀತು. ಒಂದು ಮರದ ಪಾಲದ ಮೇಲೆ, ಕಾಲುಸಂಕದ ಮೇಲೆ, ನೀರು ಹರಿಯುವ ಮೋರಿಯ ಮೇಲೆ ಕಾಲಿಡುವ ಮುಂಚೆ ‘ಇದು ಎಷ್ಟು ತಡೆಯುತ್ತದೆ, ಯಾವುದರ ಮೇಲೆ ನಿಂತಿದೆ’ ಎಂದು ನಿಂತು ಕೇಳುವ ಬುದ್ಧಿ ಬರಲಿ ಎಂದು ಕಳುಹಿಸಿದರೆ, ಇದಕ್ಕಿಂತ ಒಳ್ಳೆಯ ಶಿಬಿರವನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ. ಆ ಬುದ್ಧಿ ಸೇನೆಗೆ ಹೋದವರಿಗೂ ಬೇಕು, ತೋಟದಲ್ಲಿ ಉಳಿದವರಿಗೂ ಬೇಕು.

ನನ್ನ ಮಟ್ಟಿಗೆ ಒಂಬತ್ತನೇ ತರಗತಿಯಿಂದ ಮೇಲಿನವರಿಗೆ ಇದು ಹೇಳಿ ಮಾಡಿಸಿದ ಶಿಬಿರ. ಅದಕ್ಕಿಂತ ಚಿಕ್ಕವರಿಗೆ ಕೊಡತಿಯೂ ಭಾರ, ಲೆಕ್ಕವೂ ಭಾರ. ಬೇಸಿಗೆಯ ಶಿಬಿರದ ಜೊತೆಗೆ ಮಳೆಗಾಲ ಹಿಡಿದ ಮೇಲೆ ಎರಡು ದಿನದ ಇನ್ನೊಂದು ಕಂತನ್ನು ಸಂಘಟಕರು ನಡೆಸಬೇಕು. ನೀರಿಗಿಳಿಸುವುದು ಬೇಡ, ನೆನೆದ ನೆಲದಲ್ಲಿ ಗೂಟ ಹೂಡಿಸಿ, ನೆನೆದ ಹಗ್ಗದಲ್ಲಿ ಗಂಟು ಹಾಕಿಸಿದರೆ ಸಾಕು. ಕಳುಹಿಸುವವರು ಕ್ಯಾನ್ವಾಸ್ ಶೂಗಳ ಬದಲು ಗಟ್ಟಿ ಅಟ್ಟೆಯ ಬೂಟು, ಒಂದು ಜೊತೆ ಚರ್ಮದ ಕೈಗವಸು ಕೊಟ್ಟು ಕಳುಹಿಸಿ. ಶಿಬಿರದಲ್ಲಿ ಕೊಡುವ ಬಟ್ಟೆಯ ಕೈಗವಸು ಎರಡನೇ ದಿನಕ್ಕೇ ಹರಿಯುತ್ತದೆ. ಮಗುವಿಗೆ ಈಜು ಬಾರದಿದ್ದರೆ ಅರ್ಜಿಯಲ್ಲಿ ಅದನ್ನು ಮುಚ್ಚಿಡದೆ ಬರೆಯಿರಿ. ಅಂಥವರನ್ನು ಮನೆಗೆ ಕಳುಹಿಸುವುದಿಲ್ಲ. ತೆಪ್ಪದ ದಿನ ದಂಡೆಯ ಮೇಲಿನ ಹಗ್ಗದ ತಂಡಕ್ಕೆ ಹಾಕುತ್ತಾರೆ, ತೆಪ್ಪದಲ್ಲಿರುವವರೆಲ್ಲರ ಹೊಣೆ ಆ ಹೊತ್ತಿನಲ್ಲಿ ಅವರ ಕೈಯಲ್ಲೇ ಇರುತ್ತದೆ.